ಬೆಕ್ಕುಗಳ ರಾಮೆನ್ ಅಂಗಡಿಯ ಕಾಮಿಕ್ಸನ್ನು ಕನ್ನಡಕ್ಕೆ ತರುವಾಗ ರಾಮೆನ್‌ಗೆ ‘ಶಾವಿಗೆ’ ಎನ್ನಬಹುದೇ?

‘ಪ್ರಾಣಿಗಳ ಕಥೆ, ಮಗುವಿಗೆ ಸುಲಭ’ ಎಂದುಕೊಂಡು ಮಗಳಿಗಾಗಿ ‘ರಾಮೆನ್ ಅಕಾನೆಕೊ’ ಎಂಬ ಜಪಾನಿ ಕಾಮಿಕ್ಸನ್ನು ಕನ್ನಡಕ್ಕೆ ತರುತ್ತಿದ್ದೀರಿ, ಅದರಲ್ಲಿನ ರಾಮೆನ್‌ಗೆ, ಅಂದರೆ ಸಾರಿನಲ್ಲಿ ಬಡಿಸುವ ಜಪಾನಿನ ನೂಡಲ್ಸ್‌ಗೆ, ಶಾವಿಗೆ ಎನ್ನಬಹುದೇ ಎಂದು ತಡವರಿಸಿದ್ದೀರಿ. ನಾನೂ ಅಕ್ಕನ ಮಗಳಿಗೆಂದು ಇದೇ ಕೆಲಸಕ್ಕೆ ಕೈಹಾಕಿ, ಜಪಾನಿನಿಂದ ತರಿಸಿಕೊಂಡಿದ್ದ ಮೊದಲ ಸಂಪುಟವನ್ನೇ ಹಾಳುಮಾಡಿಕೊಂಡವನು. ನನ್ನನ್ನು ಕೆಡಿಸಿದ್ದು ಶಾವಿಗೆಯಲ್ಲ, ‘ಅದು’ ಎಂಬ ಎರಡಕ್ಷರದ ಸರ್ವನಾಮ.

ಕಾಗೆ ಹಾರಿತು, ನರಿ ಹೇಳಿತು ಎಂದು ಕಥೆ ಕೇಳಿ ಬೆಳೆದವನಾದ್ದರಿಂದ, ಅಂಗಡಿಯ ಬೆಕ್ಕುಗಳಿಗೆಲ್ಲ ‘ಬಂತು’, ‘ಹೇಳಿತು’, ‘ಒಳಗಿದೆ’ ಎಂದು ಚೀಟಿಗಳಲ್ಲಿ ಬರೆದು, ಮಾತಿನ ಬಲೂನುಗಳ ಮೇಲೆ ಗೋಂದಿನಿಂದ ಅಂಟಿಸುತ್ತ ಹೋದೆ. ಅಂಗಡಿಯ ಮ್ಯಾನೇಜರ್ ಬುಂಜೊ ಒಂದು ಬೆಕ್ಕು. ಅಲ್ಲಿಗೆ ಕೆಲಸಕ್ಕೆ ಸೇರುವ ತಮಾಕೊ ಮನುಷ್ಯಳು. ನನ್ನ ಅನುವಾದದಲ್ಲಿ ಆಕೆ ತನ್ನ ಮೇಲಧಿಕಾರಿಯ ಬಗ್ಗೆ, ಬೀಗದ ಕೈ ಒಳಗಿದೆ ಎನ್ನುವ ಧಾಟಿಯಲ್ಲೇ ‘ಮ್ಯಾನೇಜರ್ ಒಳಗಿದೆ’ ಎನ್ನುತ್ತಿದ್ದಳು. ಕೆಲವು ಪುಟ ಓದುವಷ್ಟರಲ್ಲಿ ಹುಡುಗಿ ಕೇಳಿದಳು: “ಮಾಮ, ಈ ಬೆಕ್ಕನ್ನು ಸಾಕಿರೋದು ಯಾರು?” ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ನಾನು ಮಾತ್ರ ಇನ್ನೂ ನಲವತ್ತು ಪುಟ ಅಂಟಿಸಿದೆ.

ಜಪಾನಿ ಭಾಷೆಯ ಕ್ರಿಯಾಪದದಲ್ಲಿ ಲಿಂಗವಿಲ್ಲ. ‘ಇದೆ’ ಎನ್ನಲು ನಿರ್ಜೀವ ವಸ್ತುವಾದರೆ ‘ಅರು’, ಪ್ರಾಣಿಯೋ ಮನುಷ್ಯರೋ ಆದರೆ ‘ಇರು’. ಬೆಕ್ಕಿಗೂ ಮ್ಯಾನೇಜರನಿಗೂ ಒಂದೇ ‘ಇರು’ ಸಲ್ಲುತ್ತದೆ. (ಅದು ನಮ್ಮ ‘ಇರು’ವಿನಂತೆಯೇ ಕೇಳಿಸುತ್ತದೆ, ಅರ್ಥವೂ ಅದೇ, ಅಷ್ಟಕ್ಕೇ ನೆಂಟಸ್ತಿಕೆ ಹುಡುಕಲು ಹೊರಡಬೇಡಿ.) ಬೆಕ್ಕಿನ ಹೆಸರಿನ ಕೊನೆಗೂ ‘ಸಾನ್’ ಎಂಬ ಗೌರವಸೂಚಕ ಸೇರುತ್ತದೆ. ಎಣಿಸುವಾಗ ಮಾತ್ರ ಜನರಿಗೆ ‘ನಿನ್’, ಸಣ್ಣ ಪ್ರಾಣಿಗಳಿಗೆ ‘ಹಿಕಿ’ ಎಂಬ ಭೇದವುಂಟು. ಹೀಗಾಗಿ ಬೆಕ್ಕನ್ನು ಪ್ರಾಣಿಯೆನ್ನಬೇಕೇ ಮೇಲಧಿಕಾರಿಯೆನ್ನಬೇಕೇ ಎಂಬ ಪ್ರಶ್ನೆಯನ್ನು ಮೂಲ ಲೇಖಕ ಎದುರಿಸಬೇಕಿಲ್ಲ. ಕನ್ನಡದಲ್ಲಿ ಬರೆಯುವವರು ಪ್ರತಿ ವಾಕ್ಯದ ಕೊನೆಗೂ ಅದನ್ನು ತೀರ್ಮಾನಿಸಲೇಬೇಕು.

ಕಥೆ ನಿಂತಿರುವುದೂ ಆ ತೀರ್ಮಾನದ ಮೇಲೆಯೇ. ಸಂದರ್ಶನದಲ್ಲಿ ‘ಬೆಕ್ಕು ಇಷ್ಟವೇ’ ಎಂದು ಕೇಳಿದರೆ ತಮಾಕೊ ತನಗೆ ನಾಯಿಯೇ ಇಷ್ಟವೆನ್ನುತ್ತಾಳೆ, ಆದರೂ ಕೆಲಸ ಸಿಗುತ್ತದೆ. ಆ ಕೆಲಸವೆಂದರೆ ಅಂಗಡಿಯ ಬೆಕ್ಕುಗಳ ಮೈಗೆ ಬ್ರಷ್ ಹಾಕುವುದು. ಬೆಕ್ಕು ‘ಅದು’ ಆದರೆ ಆಕೆ ಸಾಕುಪ್ರಾಣಿಗಳನ್ನು ನೋಡಿಕೊಳ್ಳುವವಳು. ಬೆಕ್ಕು ‘ಅವರು’ ಆದರೆ ಸಂಬಳಕ್ಕಾಗಿ ತನ್ನ ಮ್ಯಾನೇಜರರ ಬೆನ್ನು ಬಾಚುವ ನೌಕರಳು. ನಗು ಇರುವುದು ಎರಡನೆಯದರಲ್ಲಿ, ನಾನು ಬರೆದದ್ದು ಮೊದಲನೆಯದನ್ನು. ತಪ್ಪು ತಿಳಿದು ಚೀಟಿಗಳನ್ನು ಕೀಳಲು ಹೋದಾಗ ಬಲೂನಿನ ಜೊತೆಗೆ ಚಿತ್ರದ ತುಣುಕುಗಳೂ ಎದ್ದು ಬಂದವು. ಒಂದು ಪುಟದಲ್ಲಿ ಬುಂಜೊ ಅವರ ಎಡಗಡೆಯ ಮೀಸೆಯೇ ಇಲ್ಲ.

ಆದ್ದರಿಂದ ‘ಪ್ರಾಣಿಗಳ ಕಥೆ, ಮಗುವಿಗೆ ಸುಲಭ’ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಆಂಗ್ಯಾಮನ್ ಬರೆದು, 2022ರಿಂದ ‘ಶೋನೆನ್ ಜಂಪ್ ಪ್ಲಸ್’ ಎಂಬ ಜಪಾನಿನ ಜಾಲತಾಣದಲ್ಲಿ ಧಾರಾವಾಹಿಯಾಗಿ ಬಂದು, 2024ರಲ್ಲಿ ಅನಿಮೆಯೂ (ಜಪಾನಿ ಕಾರ್ಟೂನ್ ಸರಣಿಯೂ) ಆದ ಈ ಕೃತಿ ಬಾಲ ಹೊತ್ತವರ ಕಚೇರಿಯ ಕಥೆ. ಮೊದಲು ಒಂದು ಹಾಳೆಯಲ್ಲಿ ಯಾರು ಯಾರಿಗೆ ‘ನೀವು’, ಯಾರಿಗೆ ‘ನೀನು’, ಬೆನ್ನ ಹಿಂದೆ ಯಾರು ‘ಅವರು’ ಎಂದು ಬರೆದಿಟ್ಟುಕೊಳ್ಳಿ. ಹುಲಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಅಂಗಡಿಗೆ ನೂಡಲ್ಸ್ ತಯಾರಿಸುವ ಆ ಹುಲಿಯ ಹೆಸರು ಕುರಿಶುನಾ, ಅಂದರೆ ನಮ್ಮ ಕೃಷ್ಣನೇ, ಆದರೆ ಅದು ಹೆಣ್ಣು. ನಾನು ಎರಡನೆಯ ಪ್ರಯತ್ನದಲ್ಲಿ, ನದಿಯ ಹೆಸರಿನಂತೆ ದೀರ್ಘ ಕೊಟ್ಟು, ‘ಕೃಷ್ಣಾ ಬಂದರು’ ಎಂದು ಬರೆದೆ.

ರಾಮೆನ್ ಅನ್ನು ರಾಮೆನ್ ಎಂದೇ ಬಿಡಿ. ಶಾವಿಗೆಯನ್ನು ಬೇಯಿಸಿದ ಹಿಟ್ಟಿನಿಂದ ಒತ್ತುತ್ತೇವೆ. ಅಲ್ಲಿ ಕ್ಷಾರದ ನೀರು ಬೆರೆಸಿದ ಗೋಧಿ ಹಿಟ್ಟನ್ನು ತೆಳ್ಳಗೆ ಹಾಳೆ ಮಾಡಿ ಎಳೆಗಳಾಗಿ ಕತ್ತರಿಸುತ್ತಾರೆ. ಶಾವಿಗೆ ಎಂದು ಬರೆದರೆ ನಿಮ್ಮ ಮಗಳು ಹುಲಿಯ ಪಕ್ಕದಲ್ಲಿ ಶಾವಿಗೆ ಒತ್ತುವ ಒರಳನ್ನು ಹುಡುಕುತ್ತಾಳೆ.