ಶೇ. 90 ಅಂದರೆ ಯಾರಲ್ಲಿ, ಡಾಕ್ಟ್ರೇ?

ಡಾಕ್ಟ್ರೇ, ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ 'ಫ್ಯಾಟಿ ಲಿವರ್: ಮೌನ ಕೊಲೆಗಾರ' ಲೇಖನ ಓದಿದೆ. ಭಾಷೆ ಸಲೀಸಾಗಿದೆ, ವಿಷಯ ಗೊತ್ತಿದ್ದೇ ಬರೆದಿದ್ದೀರಿ. ಎಂ.ಡಿ. ಓದುತ್ತಾ ಕನ್ನಡದಲ್ಲಿ ಬರೆಯಲು ಕೂರುವವರು ಕಡಿಮೆ, ಅದಕ್ಕೆ ಖುಷಿಯೂ ಆಯ್ತು. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಶೀರ್ಷಿಕೆ ನಾವೇ ಬದಲಿಸಿಕೊಳ್ಳುತ್ತೇವೆ ಬಿಡಿ. ನಮ್ಮ ಆಫೀಸಿಗೆ ಬರುವ ಆರೋಗ್ಯ ಲೇಖನಗಳಲ್ಲಿ ಅರ್ಧಕ್ಕರ್ಧ ಮೌನ ಕೊಲೆಗಾರರೇ. 2023ರಲ್ಲಿ ಕಾಯಿಲೆಯ ಹೆಸರು ಬದಲಾದ ಕಥೆಗೆ ಒಂದು ಪುಟ ಕೊಟ್ಟಿದ್ದೀರಿ, ಅದನ್ನೂ ಎರಡು ಸಾಲಿಗೆ ಇಳಿಸಬಹುದು. ನನಗೆ ತಲೆ ಕೆಟ್ಟಿದ್ದು ಮೂರನೇ ಪುಟದಲ್ಲಿ.

ನಿಮ್ಮ ಸಾಲು ಹೀಗಿದೆ: "ದೇಹದ ತೂಕವನ್ನು ಶೇ. 10ರಷ್ಟು ಇಳಿಸಿದರೆ ಶೇ. 90ರಷ್ಟು ರೋಗಿಗಳಲ್ಲಿ ಲಿವರ್ ಉರಿಯೂತ ವಾಸಿಯಾಗುತ್ತದೆ ಎಂದು ಅಧ್ಯಯನಗಳಿಂದ ಸಾಬೀತಾಗಿದೆ."

ಯಾವ ಅಧ್ಯಯನ? ಎಲ್ಲಿಯದು? ಎಷ್ಟು ಜನ? ಇಷ್ಟುದ್ದದ ಸಾಲಿನಲ್ಲಿ ಒಬ್ಬ ಮನುಷ್ಯನ ಮುಖವೂ ಕಾಣುವುದಿಲ್ಲವಲ್ಲ. ಈ 90 ಬಂದಿದ್ದು ಕ್ಯೂಬಾದ ಹವಾನಾದಿಂದ, 2015ರಲ್ಲಿ ಪ್ರಕಟವಾದ ಸಂಶೋಧನೆಯಿಂದ. ಬಯಾಪ್ಸಿಯಲ್ಲಿ, ಅಂದರೆ ಲಿವರಿನ ಚೂರು ತೆಗೆದು ನೋಡುವ ಪರೀಕ್ಷೆಯಲ್ಲಿ, ಉರಿಯೂತ ಖಚಿತವಾದ 293 ಜನರಿಗೆ ಊಟ ಕಡಿಮೆ ಮಾಡಿ, ನಡೆಯಿರಿ ಅಂತ ಹೇಳಿ 52 ವಾರ ಬೆನ್ನು ಹತ್ತಿದರು. ವರ್ಷ ಮುಗಿದಾಗ ಶೇ. 5ರಷ್ಟಾದರೂ ತೂಕ ಇಳಿಸಿದ್ದವರು 88 ಜನ. ಶೇ. 10 ಮುಟ್ಟಿದವರು ಸುಮಾರು ಹತ್ತರಲ್ಲಿ ಒಬ್ಬರು. ನಿಮ್ಮ ಶೇ. 90 ಈ ಸಣ್ಣ ಗುಂಪಿನ ಲೆಕ್ಕ. 293 ಜನರನ್ನೂ ಹಿಡಿದರೆ ಉರಿಯೂತ ಹೋಗಿದ್ದು 72 ಜನರಿಗೆ. ಅಂದರೆ ಶೇ. 25.

ನೀವು ಸುಳ್ಳು ಬರೆದಿಲ್ಲ. ಆದರೆ ಓದುಗನ ಕೈಗೆ ಕೊಟ್ಟಿದ್ದು ಏನು? ಇಡೀ ದಿನ ಅಂಗಡಿಯಲ್ಲಿ ಕೂತು ರಾತ್ರಿ ಹತ್ತಕ್ಕೆ ಊಟ ಮಾಡುವ, 80 ಕೆಜಿ ತೂಗುವ ಒಬ್ಬರು ಇದನ್ನು ಓದುತ್ತಾರೆ ಅಂದುಕೊಳ್ಳಿ. ಅವರಿಗೆ ಶೇ. 10 ಅಂದರೆ 8 ಕೆಜಿ. ಆರು ತಿಂಗಳು ಒದ್ದಾಡಿ ನಾಲ್ಕು ಕೆಜಿ ಇಳಿಸುತ್ತಾರೆ. ಎಲ್ಲರಿಗೂ ಆಗಿದ್ದು ನನಗೊಬ್ಬನಿಗೇ ಆಗಲಿಲ್ಲ ಅಂತ ಕೈಬಿಡುತ್ತಾರೆ. ಡಾಕ್ಟರುಗಳು ವರ್ಷವಿಡೀ ಹಿಂದೆ ಬಿದ್ದರೂ ಹವಾನಾದಲ್ಲಿ ಹತ್ತರಲ್ಲಿ ಏಳು ಜನಕ್ಕೆ ಶೇ. 5 ಕೂಡ ಇಳಿಸಲು ಆಗಲಿಲ್ಲ ಅಂತ ನೀವು ಹೇಳಿದ್ದರೆ? ಆ ನಾಲ್ಕು ಕೆಜಿ ಇಳಿದರೂ ಲಿವರಿನ ಕೊಬ್ಬು ಕಡಿಮೆಯಾಗುತ್ತದೆ ಅಂತ ಒಂದು ಸಾಲು ಸೇರಿಸಿದ್ದರೆ? ಆ ಸಾಲು ಲೇಖನದಲ್ಲಿ ಎಲ್ಲೂ ಇಲ್ಲ.

ಮುಂದಿನ ಸಾಲಿನದೂ ಇದೇ ಕಥೆ. "2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರೆಸ್ಮೆಟಿರಾಮ್ ಮಾತ್ರೆಯಿಂದ ಶೇ. 30ರಷ್ಟು ರೋಗಿಗಳು ಗುಣಮುಖರಾಗಿದ್ದಾರೆ." ಅದೇ ಪ್ರಯೋಗದಲ್ಲಿ ಔಷಧವೇ ಇಲ್ಲದ ಡಮ್ಮಿ ಮಾತ್ರೆ ನುಂಗಿದವರಲ್ಲೂ ನೂರಕ್ಕೆ ಹತ್ತು ಜನರ ಉರಿಯೂತ ಹೋಗಿತ್ತು. ಆ ಹತ್ತನ್ನು ಯಾಕೆ ಬಿಟ್ಟಿರಿ? ಇನ್ನೊಂದು, ಆ ಮಾತ್ರೆ ಇರುವುದು ಲಿವರಿನಲ್ಲಿ ಗಾಯದ ಕಲೆ ಸಾಕಷ್ಟು ಬೆಳೆದು ಇನ್ನೂ ಸಿರೋಸಿಸ್ (ಕಲೆ ತುಂಬಿ ಲಿವರ್ ಗಟ್ಟಿಯಾಗುವುದು) ಆಗದವರಿಗೆ. ಸ್ಕ್ಯಾನಿಂಗ್ ಸೆಂಟರಿನಿಂದ 'ಗ್ರೇಡ್ 1 ಫ್ಯಾಟಿ ಲಿವರ್' ಅಂತ ಚೀಟಿ ತಂದವರಿಗಲ್ಲ. ನಿಮ್ಮ ಸಾಲು ಓದಿ ಅವರು ಸೀದಾ ಮೆಡಿಕಲ್ ಶಾಪಿಗೆ ಹೋಗುತ್ತಾರೆ, ನೋಡಿ.

ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ ನಮ್ಮ ಡೆಸ್ಕಿನಲ್ಲಿ ಹಿರಿಯರೊಬ್ಬರಿದ್ದರು. ಆರೋಗ್ಯದ ಪುಟ ಅವರದು. ಪ್ರೂಫಿನಲ್ಲಿ 'ಶೇಕಡ' ಕಂಡ ಕಡೆಯೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿ ಪಕ್ಕದಲ್ಲಿ 'ಯಾರಲ್ಲಿ?' ಅಂತ ಬರೆಯೋರು. ಉತ್ತರ ಹುಡುಕುವ ಕೆಲಸ ನನ್ನದು. ಆಗ ನೆಟ್ ಇಲ್ಲ. ಲೇಖನ ಬರೆದ ಡಾಕ್ಟರಿಗೆ ಲ್ಯಾಂಡ್‌ಲೈನಿನಿಂದ ಫೋನ್ ಹಚ್ಚಬೇಕು, ಕಾಂಪೌಂಡರ್ ಎತ್ತುತ್ತಾನೆ, ಪೇಷೆಂಟ್ ನೋಡ್ತಿದಾರೆ ಅನ್ನುತ್ತಾನೆ. ಕಾಯಬೇಕು. ಕೆಲವು ಡಾಕ್ಟರುಗಳು ಬೈಯೋರು, "ಅದೆಲ್ಲ ನಿಮ್ಮ ಓದುಗರಿಗೆ ಯಾಕ್ರೀ?" ಅಂತ. ಅದನ್ನು ಹೋಗಿ ಹೇಳಿದರೆ ಹಿರಿಯರು ಆ ಸಾಲನ್ನೇ ಹೊಡೆದು ಹಾಕಿ, ಖಾಲಿ ಜಾಗಕ್ಕೆ ಮನೆಮದ್ದಿನ ಬಾಕ್ಸ್ ತುಂಬಿಸೋರು. ಮನೆಮದ್ದಿನಲ್ಲಿ ಶೇಕಡ ಇರುವುದಿಲ್ಲವಲ್ಲ. ಆಗ ನನಗೆ ಅವರ ಮೇಲೆ ಸಿಟ್ಟಿತ್ತು. ಈಗ ನನ್ನ ಮೇಜಿನ ಮೇಲೂ ಒಂದು ಪೆನ್ಸಿಲ್ ಇದೆ.

ಇನ್ನು ಐದನೇ ಪುಟ. "ಫಿಬ್-4 ಎಂಬ ಸರಳ ಸೂತ್ರದಿಂದ ಫ್ಯಾಟಿ ಲಿವರನ್ನು ನಿಖರವಾಗಿ ಪತ್ತೆ ಹಚ್ಚಬಹುದಾಗಿದೆ." ಇಲ್ಲ. ಫಿಬ್-4ಕ್ಕೆ ಕೊಬ್ಬು ಕಾಣುವುದೇ ಇಲ್ಲ. ವಯಸ್ಸು ಮತ್ತು ರಕ್ತಪರೀಕ್ಷೆಯ ಅಂಕಿಗಳಿಂದ ಅದು ಅಂದಾಜು ಮಾಡುವುದು ಗಾಯದ ಕಲೆಯನ್ನು. ಅದರ ನಿಜವಾದ ಉಪಯೋಗ 'ನಿಮಗೆ ಕಲೆ ಜಾಸ್ತಿ ಬೆಳೆದಿರುವ ಸಾಧ್ಯತೆ ಕಡಿಮೆ' ಅಂತ ಹೇಳಿ ಮನೆಗೆ ಕಳಿಸುವುದರಲ್ಲಿ. ಸ್ಕ್ಯಾನಿನ 'ಗ್ರೇಡ್' ಇದಕ್ಕೆ ಉಲ್ಟಾ. ಅದು ಹೇಳುವುದು ಕೊಬ್ಬಿನ ಬಗ್ಗೆ, ಕಲೆಯ ಬಗ್ಗೆ ಅಲ್ಲ. ಗ್ರೇಡ್ 2 ಅಂದ ಕೂಡಲೇ ಲಿವರ್ ಅರ್ಧ ಹೋಯ್ತು ಅಂತ ಅಳುವವರನ್ನು ನೀವು ಓಪಿಡಿಯಲ್ಲಿ ನೋಡಿರುತ್ತೀರಿ, ಅಲ್ವಾ? ಮುಂದೆ ಯಾರಿಗೆ ಏನಾಗುತ್ತದೆ ಅನ್ನುವುದನ್ನು ಹೆಚ್ಚಾಗಿ ಹೇಳುವುದು ಕಲೆ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬರೆದಿಲ್ಲ ಅಷ್ಟೇ.

ಸೂತ್ರ ಸರಳ ಅಂದಮೇಲೆ ಮಾಡಿ ತೋರಿಸಿ. 48 ವರ್ಷದ ಒಬ್ಬ ಹೆಂಗಸು. ಲ್ಯಾಬ್ ರಿಪೋರ್ಟಿನಲ್ಲಿ ಲಿವರ್ ಕಿಣ್ವಗಳಾದ ಎಸ್‌ಜಿಒಟಿ 40, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2.4 ಲಕ್ಷ. ಸೂತ್ರಕ್ಕೆ ಆ 2.4 ಲಕ್ಷ 240 ಆಗುತ್ತದೆ. ಇದನ್ನು ಹೇಳದಿದ್ದರೆ ಮನೆಯಲ್ಲಿ ಲೆಕ್ಕ ಹಾಕುವವರು ಅಲ್ಲೇ ಸಿಕ್ಕಿಬೀಳುತ್ತಾರೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿದರೆ 1920. ಎಸ್‌ಜಿಪಿಟಿಯ ವರ್ಗಮೂಲ 8, ಅದನ್ನು 240ರಿಂದ ಗುಣಿಸಿದರೆ ಅದೂ 1920. ಭಾಗಿಸಿದರೆ 1. ಗೆರೆ ಇರುವುದು 1.3ರಲ್ಲಿ. ಅದರ ಕೆಳಗಿದ್ದಾರೆ, ಸದ್ಯಕ್ಕೆ ಊಟ, ನಡಿಗೆ, ಶುಗರ್ ನೋಡಿಕೊಂಡು ಮುಂದೆ ಮತ್ತೆ ಪರೀಕ್ಷೆ ಮಾಡಿಸಿದರೆ ಆಯ್ತು. ಅದೇ ಅಂಕಿಗಳು ಅವರ 68 ವರ್ಷದ ಅತ್ತೆಯದಾದರೆ 1.4 ಬರುತ್ತದೆ. ಗಾಬರಿ ಬೇಡ, 65 ದಾಟಿದವರಿಗೆ ಗೆರೆಯನ್ನು 2ಕ್ಕೆ ಏರಿಸಿದ್ದಾರೆ. ಗೆರೆ ದಾಟಿದವರಿಗೆ ಫೈಬ್ರೋಸ್ಕ್ಯಾನ್, ಅಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನ್. 2.67ಕ್ಕಿಂತ ಮೇಲಿದ್ದರೆ ಲಿವರ್ ತಜ್ಞರ ಹತ್ತಿರ ಹೋಗಲೇಬೇಕು.

ಬಯಾಪ್ಸಿಯ ಭಾಗ, ವಿಟಮಿನ್ ಇ ಭಾಗ, ಕಾಫಿಯ ಭಾಗ ಹಾಗೇ ಇರಲಿ, ಅವುಗಳ ತಂಟೆಗೆ ನಾನು ಹೋಗುವುದಿಲ್ಲ. ಮೂರನೇ ಮತ್ತು ಐದನೇ ಪುಟ ಹೊಸದಾಗಿ ಬರೆದು ಕಳಿಸಿ. ಹವಾನಾದ ಜನರಿಗೆ ಏನು ತಿನ್ನಲು ಹೇಳಿದ್ದರು, ವಾರಕ್ಕೆ ಎಷ್ಟು ಹೊತ್ತು ನಡೆಯಲು ಹೇಳಿದ್ದರು ಅನ್ನುವುದನ್ನೂ ಮೂಲ ಪ್ರಬಂಧ ನೋಡಿ ಸೇರಿಸಿ. ಅದನ್ನು ನಮ್ಮ ಮುದ್ದೆ, ಅನ್ನ, ಚಪಾತಿಯ ಲೆಕ್ಕಕ್ಕೆ ನೀವೇ ಇಳಿಸಬೇಕು, ಡಯಟಿಷಿಯನ್ ಗೆಳೆಯರಿದ್ದರೆ ಅವರನ್ನೂ ಕೇಳಿ. 'ಸಾಬೀತಾಗಿದೆ' ಅಂತ ಬರೆದ ಕಡೆಯೆಲ್ಲ ಸುತ್ತು ಹಾಕಿ ಕಳಿಸುತ್ತಿದ್ದೇನೆ.