ಕಮಿಷನ್‌ಗಿಂತ ಮೊದಲು ಅಂಗಡಿಯವರ ಅಂಜಿಕೆ ಬಿಡಿಸಿ

ಓದುಗರ ಪತ್ರ: ನಮ್ಮ ಮಹಿಳಾ ಆರೋಗ್ಯ ಸಂಘ ಈಗ ಔಷಧಿ ಅಂಗಡಿಗಳ ಜೊತೆ ಕೆಲಸ ಶುರುಮಾಡಿದೆ. ಹರೆಯದ ಹುಡುಗಿಯರು ಕಾಂಡೋಮ್, ತುರ್ತು ಗರ್ಭನಿರೋಧಕ ಮಾತ್ರೆ, ಗರ್ಭ ಪರೀಕ್ಷೆಯ ಕಿಟ್ ಕೇಳಿದರೆ ‘ಸ್ಟಾಕ್ ಇಲ್ಲ’ ಎಂದು ಸಾಗಹಾಕುತ್ತಾರೆ. ಪ್ಯಾಕಿಗೆ ಇಷ್ಟು ಅಂತ ಕಮಿಷನ್ ಕೊಟ್ಟರೆ ಅಂಗಡಿಯವರ ಮನಸ್ಸು ಬದಲಾದೀತೇ?

ಸಂಪಾದಕರ ಉತ್ತರ: ಕಮಿಷನ್ ಮಾತು ಆಮೇಲೆ ಆಡೋಣ. ಆ ‘ಸ್ಟಾಕ್ ಇಲ್ಲ’ದ ಹಿಂದೆ ಏನಿದೆ ಎಂದು ಮೊದಲು ನೋಡಿ. ಅಂಗಡಿಯವರಿಗೆ ಮಡಿವಂತಿಕೆ ಜಾಸ್ತಿ ಎಂದು ದೂರಿ ಸುಮ್ಮನಾದರೆ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ. ಸಾಮಾನ್ಯವಾಗಿ ಅವರನ್ನು ಕಾಡುವುದು ಮೂರು ಸಂಗತಿ. ನಾಳೆ ಹುಡುಗಿಯ ಮನೆಯವರು ಅಂಗಡಿ ಮುಂದೆ ಬಂದು ಗಲಾಟೆ ಮಾಡಿದರೆ ಎಂಬ ಹೆದರಿಕೆ. ಮಾತ್ರೆ ತಿಂದವಳಿಗೆ ಮುಂದೆ ಮಕ್ಕಳಾಗದಿದ್ದರೆ ತನ್ನ ತಲೆಗೆ ಬರುತ್ತದೆ ಎಂಬ ತಪ್ಪು ತಿಳಿವಳಿಕೆ. ನಿಧಾನಕ್ಕೆ ಖರ್ಚಾಗುವ ಮಾಲು ಎಕ್ಸ್‌ಪೈರಿ ಆಗಿ ಕೈ ಕಚ್ಚುತ್ತದೆ ಎಂಬ ಲೆಕ್ಕ. ಕಮಿಷನ್ ತಾಗುವುದು ಮೂರನೆಯದಕ್ಕೆ ಮಾತ್ರ, ಅದೂ ಅರೆಬರೆ.

ದುಡ್ಡಿನ ಆಸೆ ಎಷ್ಟು ದೂರ ಎಳೆದೀತು ಎಂಬುದಕ್ಕೆ ಜಾಂಬಿಯಾದ ಲುಸಾಕಾದಲ್ಲಿ ನಡೆದ ಪ್ರಯೋಗವೊಂದನ್ನು ನೋಡಬೇಕು. ಅದರ ಫಲಿತಾಂಶ ಪ್ರಕಟವಾದದ್ದು 2014ರಲ್ಲಿ. ಅಲ್ಲಿನ ಕ್ಷೌರದಂಗಡಿ, ಕೇಶಾಲಂಕಾರದ ಅಂಗಡಿಯವರ ಕೈಯಲ್ಲಿ ಹೆಂಗಸರ ಕಾಂಡೋಮ್ ಮಾರಿಸಿದರು. ಕೆಲವರಿಗೆ ಬೆಲೆಯ ಶೇ 10 ಕಮಿಷನ್, ಕೆಲವರಿಗೆ ಶೇ 90. ಇನ್ನೊಂದು ಗುಂಪಿಗೆ ಬಿಡಿಗಾಸಿಲ್ಲ. ಮಾರಿದ ಪ್ರತಿ ಪ್ಯಾಕಿಗೆ ಅಂಗಡಿಯಲ್ಲಿ ತೂಗುಹಾಕಿದ ಪಟದ ಮೇಲೆ ಒಂದು ನಕ್ಷತ್ರ ಅಂಟಿಸುವುದು, ಅಷ್ಟೇ. ಈ ನಕ್ಷತ್ರದ ಗುಂಪಿನವರು ಉಳಿದವರ ಸುಮಾರು ಎರಡು ಪಟ್ಟು ಮಾರಿದರು. ತಾನು ಊರಿಗೆ ಉಪಕಾರವಾಗುವ ಕೆಲಸ ಮಾಡುತ್ತಿದ್ದೇನೆ, ಅದು ನಾಲ್ಕು ಜನರಿಗೆ ಕಾಣುತ್ತಿದೆ ಎಂಬ ಭಾವನೆ ಸಣ್ಣದಲ್ಲ.

ಆದರೆ ಅದೇ ನಕ್ಷತ್ರವನ್ನು ಔಷಧಿ ಅಂಗಡಿಗೆ ತಂದು ಅಂಟಿಸಬೇಡಿ. ‘ಇಲ್ಲಿ ಯುವತಿಯರಿಗೆ ಗರ್ಭನಿರೋಧಕ ಸಿಗುತ್ತದೆ’ ಎಂಬ ಬೋರ್ಡು ಕಂಡರೆ ಹುಡುಗಿಯರು ಆ ಮೆಟ್ಟಿಲನ್ನೇ ಹತ್ತುವುದಿಲ್ಲ, ಯಾರಾದರೂ ನೋಡಿದರೆ ಎಂದು. ಪ್ರಶಂಸಾಪತ್ರ ಕೊಡುವುದಾದರೆ ‘ಒಳ್ಳೆಯ ಔಷಧಿ ಸೇವೆ’ಗೆಂದು ಕೊಡಿ, ಔಷಧಿ ವ್ಯಾಪಾರಿಗಳ ಸಭೆಯಲ್ಲಿ, ಅವರ ಓರಗೆಯವರ ಎದುರಿಗೇ ಕೊಡಿ. ಎಷ್ಟು ಪ್ಯಾಕ್ ಹೋಯಿತು ಎಂದು ಎಣಿಸಿ ಕೊಡಬೇಡಿ. ಪ್ಯಾಕಿನ ಲೆಕ್ಕಕ್ಕೆ ಬಹುಮಾನ ಕಟ್ಟಿದರೆ, ದಿನವೂ ನುಂಗುವ ಮಾತ್ರೆ ಅಥವಾ ಕಾಂಡೋಮ್ ಬೇಕಾದ ಹುಡುಗಿಯ ಕೈಗೂ ತುರ್ತು ಮಾತ್ರೆಯನ್ನೇ ತುರುಕುತ್ತಾರೆ. ಮಾಲು ಖಾಲಿಯಾಗದಂತೆ ನೋಡಿಕೊಂಡರೇ, ಸರಿಯಾದ ಮಾಹಿತಿ ಹೇಳಿದರೇ, ಬೇಡದ ಪ್ರಶ್ನೆ ಕೇಳದೆ ಕೊಟ್ಟರೇ – ಇವನ್ನು ನೋಡಿ.

ಎಕ್ಸ್‌ಪೈರಿಯ ಚಿಂತೆ ಬಿಡಿಸುವುದು ಎಲ್ಲಕ್ಕಿಂತ ಸುಲಭ. ಮೊದಲ ಸಲ ತುರ್ತು ಮಾತ್ರೆ 5, ಗರ್ಭ ಪರೀಕ್ಷೆಯ ಕಿಟ್ 10, ಮೂರು ಕಾಂಡೋಮ್ ಇರುವ ಪ್ಯಾಕ್ 20 ಇಟ್ಟರೆ ಸಾಕು. ಮಾರಿದ ಮೇಲೆ ದುಡ್ಡು. ಉಳಿದದ್ದು ಎಕ್ಸ್‌ಪೈರಿಗೆ ಮೂರು ತಿಂಗಳು ಇರುವಾಗಲೇ ವಾಪಸ್. ಇದನ್ನು ಬರೆದು ಸಹಿ ಹಾಕಿ ಕೊಡಿ, ಬಾಯಿಮಾತಿಗೆ ಯಾರೂ ಕಪಾಟು ಬಿಟ್ಟುಕೊಡುವುದಿಲ್ಲ. ಅರ್ಧ ಖರ್ಚಾದೊಡನೆ ಮತ್ತೆ ತುಂಬಿ. ಪೂರ್ತಿ ಉಚಿತವಾಗಿ ಹಂಚಿಸುವ ಯೋಚನೆಯಿದ್ದರೆ ಒಂದು ಎಚ್ಚರಿಕೆ: ತಾನು ಲಾಭಕ್ಕೆ ಮಾರುವ ವಸ್ತುವನ್ನೇ ಪುಕ್ಕಟೆ ಕೊಡು ಎಂದರೆ ಅಂಗಡಿಯವರು ಅದನ್ನು ಒಳಗಿಟ್ಟು ಮರೆಯುತ್ತಾರೆ, ಇಲ್ಲವೇ ಮಾರಿಬಿಡುತ್ತಾರೆ. ಅವರ ಮಾಮೂಲಿ ಲಾಭಾಂಶವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಇಲ್ಲಿ ಗೌರವವಾಗಿ ನಡೆಸಿಕೊಂಡರೆ ಹುಡುಗಿ ಪ್ಯಾಡ್‌ಗೂ, ತಲೆನೋವಿನ ಮಾತ್ರೆಗೂ ಇದೇ ಅಂಗಡಿಗೆ ಬರುತ್ತಾಳೆ ಎಂಬುದನ್ನೂ ಹೇಳಿ. ಅದು ವ್ಯಾಪಾರಿಗೆ ತಟ್ಟನೆ ಅರ್ಥವಾಗುವ ಮಾತು.

ತರಬೇತಿಯಲ್ಲಿ ಆಗುವ ದೊಡ್ಡ ತಪ್ಪೆಂದರೆ ಮಾಲೀಕರನ್ನು ಕರೆದು ದಿನವಿಡೀ ಭಾಷಣ ಮಾಡುವುದು. ಸಂಜೆ ಕೌಂಟರಿನಲ್ಲಿ ನಿಲ್ಲುವುದು ಕೆಲಸದ ಹುಡುಗ, ಅವನಿಗೆ ಒಂದಕ್ಷರ ಗೊತ್ತಿರುವುದಿಲ್ಲ. ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ನೀವೇ ಅಂಗಡಿಗೆ ಹೋಗಿ, ಅಲ್ಲಿರುವವರೆಲ್ಲರಿಗೂ ಒಂದು ಗಂಟೆ ಹೇಳಿಕೊಡಿ. ಎರಡು ವಾರ ಬಿಟ್ಟು ಇನ್ನೊಮ್ಮೆ ಹೋಗಿ. ತುರ್ತು ಮಾತ್ರೆಗೆ ಹೆಚ್ಚು ಸಮಯ ಕೊಡಿ, ತಪ್ಪು ಕಲ್ಪನೆಗಳ ಗಂಟು ಇರುವುದೇ ಅಲ್ಲಿ. ಲೆವೊನಾರ್ಜೆಸ್ಟ್ರೆಲ್ ಎಂಬ ಔಷಧ ಇರುವ ತುರ್ತು ಮಾತ್ರೆಯಾದರೆ 1.5 ಮಿಲಿಗ್ರಾಂ ಒಂದೇ ಸಲ ನುಂಗಬೇಕು, ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಸಂಪರ್ಕವಾದ 72 ಗಂಟೆಯೊಳಗೆ ನುಂಗಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. 120 ಗಂಟೆಯವರೆಗೂ ಕೊಡಬಹುದಾದರೂ ಪರಿಣಾಮ ಇಳಿಯುತ್ತಾ ಹೋಗುತ್ತದೆ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಡೋಸ್ ಬೇಕು. ಅಂಡ ಬಿಡುಗಡೆಯನ್ನು ಮುಂದೂಡುವುದು ಅದರ ಕೆಲಸ. ಆಗಲೇ ನಿಂತ ಗರ್ಭವನ್ನು ಅದು ಕೆಡಿಸುವುದಿಲ್ಲ, ಮುಂದೆ ಬಸಿರಾಗುವುದಕ್ಕೂ ಅಡ್ಡಿ ಮಾಡುವುದಿಲ್ಲ. ಆದರೆ ನುಂಗಿದ ಮೇಲಿನ ಸಂಪರ್ಕಕ್ಕೆ ಅದರ ರಕ್ಷಣೆ ಇಲ್ಲ, ಲೈಂಗಿಕ ಸೋಂಕನ್ನಂತೂ ಅದು ತಡೆಯುವುದೇ ಇಲ್ಲ. ಮುಟ್ಟು ಒಂದು ವಾರಕ್ಕಿಂತ ತಡವಾದರೆ ಗರ್ಭ ಪರೀಕ್ಷೆ ಮಾಡಿಕೊಳ್ಳಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್‌ನಂಥ ಔಷಧ ತೆಗೆದುಕೊಳ್ಳುವವರಿಗೆ ಮಾಮೂಲಿ ಡೋಸ್ ಸಾಲದೇ ಹೋಗಬಹುದು, ಅವರನ್ನು ತಡಮಾಡದೆ ವೈದ್ಯರ ಬಳಿ ಕಳಿಸಬೇಕು.

ಹೀಗಾಗಿ ತುರ್ತು ಮಾತ್ರೆಗೆ ಬಂದವಳನ್ನು ಕೌಂಟರಿನಲ್ಲಿ ಕೇಳಬೇಕಾದದ್ದು ಇಷ್ಟೇ: ಸಂಪರ್ಕವಾಗಿ ಎಷ್ಟು ಹೊತ್ತಾಯಿತು, ಕೊನೆಯ ಮುಟ್ಟು ಯಾವಾಗ, ಬೇರೆ ಔಷಧ ಏನಾದರೂ ನಡೆಯುತ್ತಿದೆಯೇ. ‘ಮದುವೆಯಾಗಿದೆಯಾ’, ‘ಯಾರಿಗಮ್ಮಾ ಇದು’ ಎಂಬ ಪ್ರಶ್ನೆಗಳಿಂದ ಯಾವ ಉಪಯೋಗವೂ ಇಲ್ಲ. ಕೇಳಿಸಿಕೊಂಡವಳು ಮತ್ತೆ ಬರುವುದಿಲ್ಲ. ಪಕ್ಕದಲ್ಲಿ ನಾಲ್ಕು ಜನ ನಿಂತಿರುವಾಗ ಬಾಯಿಬಿಟ್ಟು ಕೇಳುವುದೇ ಅವಳಿಗೆ ಕಷ್ಟ. ಅದಕ್ಕೆ ಅಂಗೈಯಗಲದ ಚಿತ್ರದ ಕಾರ್ಡು ಒಳ್ಳೆಯ ಉಪಾಯ. ಟಾಂಜಾನಿಯಾದ ಶಿನ್ಯಾಂಗಾದ ಔಷಧಿ ಅಂಗಡಿಗಳಲ್ಲಿ ಹುಡುಗಿಯರಿಗೆಂದೇ ಮಾಡಿದ ಕಾರ್ಡಿನಲ್ಲಿ ಇಂಥ ವಸ್ತುಗಳ ಗುರುತುಗಳಿದ್ದವು. ಬೇಕಾದದ್ದರ ಮೇಲೆ ಬೆರಳಿಟ್ಟರೆ ಸಾಕಿತ್ತು. ಕೊಡುವಾಗ ಎಲ್ಲರಿಗೂ ಕೊಡುವಂಥದೇ ಕವರಿನಲ್ಲಿ ಕೊಡಿ. ಇದಕ್ಕೊಂದೇ ಕಪ್ಪು ಕವರ್ ಹುಡುಕಿದರೆ ಗುಟ್ಟು ಅಲ್ಲೇ ರಟ್ಟಾಗುತ್ತದೆ.

ಮನೆಯವರ ಗಲಾಟೆಯ ಭಯಕ್ಕೆ ಒಂದು ಹಾಳೆ ಬೇಕು. ಯಾವುದಕ್ಕೆ ವೈದ್ಯರ ಚೀಟಿ ಬೇಕು, ಯಾವುದಕ್ಕೆ ಬೇಡ, ವಯಸ್ಸಿನ ನಿಯಮ ಏನು ಎಂಬುದನ್ನು ಅಧಿಕೃತ ನಿಯಮ ನೋಡಿಯೇ ಬರೆದು ಅಂಗಡಿಯಲ್ಲಿಡಿ. ಕೆಳಗೆ ನಿಮ್ಮ ಸಂಘದ ಫೋನ್ ನಂಬರ್ ಇರಲಿ. ಯಾರಾದರೂ ಜಗಳಕ್ಕೆ ಬಂದರೆ ಮಾತಾಡುವ ಹೊಣೆ ನಿಮ್ಮದು ಎಂದು ಅಂಗಡಿಯವರಿಗೆ ಗೊತ್ತಿರಬೇಕು, ಫೋನ್ ಬಂದ ದಿನ ನೀವು ಹೋಗಲೂ ಬೇಕು.

ಒಂದು ತಿಂಗಳ ಮೇಲೆ ಹದಿನೆಂಟು ದಾಟಿದ, ತರಬೇತಿ ಪಡೆದ ಇಬ್ಬರು ಸ್ವಯಂಸೇವಕಿಯರನ್ನು ಬೇರೆ ಬೇರೆ ದಿನ ಗಿರಾಕಿಗಳಂತೆ ಕಳಿಸಿ. ಹೀಗೆ ಯಾವಾಗಲಾದರೂ ಬರುತ್ತಾರೆ ಎಂದು ಅಂಗಡಿಯವರ ಒಪ್ಪಿಗೆಯನ್ನು ಮೊದಲೇ ಪಡೆದಿರಿ. ತಪ್ಪು ಕಂಡರೆ ಅದೇ ವಾರ ಅವರೊಬ್ಬರಿಗೇ ತಿಳಿಸಿ, ಸಭೆಯಲ್ಲಿ ಹೆಸರೆತ್ತಬೇಡಿ. ಎಲ್ಲ ಅಂಗಡಿಗಳಿಗೂ ಒಟ್ಟಿಗೇ ಕೈ ಹಾಕುವುದು ಬೇಡ. ಈಗಾಗಲೇ ಒಲವು ತೋರಿದ ನಾಲ್ಕೈದು ಜನರಿಂದ ಶುರುಮಾಡಿ. ಗಲಾಟೆಯೂ ಆಗಲಿಲ್ಲ, ಮಾಲೂ ಕೊಳೆಯಲಿಲ್ಲ ಎಂದು ಅವರೇ ಪಕ್ಕದ ಅಂಗಡಿಯವರಿಗೆ ಹೇಳಿದರೆ, ನೀವು ಕೊಡಬೇಕೆಂದಿದ್ದ ಕಮಿಷನ್‌ಗಿಂತ ಹೆಚ್ಚಿನ ಕೆಲಸ ಆಗುತ್ತದೆ.