ಅಳತೆಯಿಲ್ಲದೆ ಹೊಲಿಯುವ ಫ್ರಾಕ್

ಪ್ರಶ್ನೆ: ನಾವು ಆರು ಜನ ಗೃಹಿಣಿಯರು ಸೇರಿ, ತೋಟದ ಕೂಲಿಗೆ ಬರುವವರ ಹೆಣ್ಣುಮಕ್ಕಳಿಗೆ ಮಳೆಗಾಲಕ್ಕೆ ಮೊದಲು ಸರಳ ಫ್ರಾಕ್ ಹೊಲಿದುಕೊಡಬೇಕೆಂದಿದ್ದೇವೆ. ಪ್ರತಿ ಮಗುವಿನ ಅಳತೆ ಸಿಗುವುದಿಲ್ಲ. ಯಾವ ಬಟ್ಟೆ, ಯಾವ ಮಾದರಿ ಸೂಕ್ತ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಆಗುಂಬೆ ಸೀಮೆಯ ಮಳೆಯಲ್ಲಿ ದಪ್ಪ ಬಟ್ಟೆ ಎರಡು ದಿನವಾದರೂ ಒಣಗದೆ, ಕೊನೆಗೆ ಬಚ್ಚಲೊಲೆಯ ಮೇಲಿನ ಹಗ್ಗಕ್ಕೇರಿ ಹೊಗೆಯ ವಾಸನೆ ಹಿಡಿಯುವುದು ನಿಮಗೆ ತಿಳಿದದ್ದೇ, ಆದ್ದರಿಂದ ತೆಳುವಾದ, ಆದರೆ ಒತ್ತಾಗಿ ನೇಯ್ದ, ಗಾಢ ಬಣ್ಣದ ಹತ್ತಿ ಬಟ್ಟೆಯನ್ನು ಆರಿಸಿಕೊಳ್ಳಿ. ಕತ್ತರಿಸುವ ಮೊದಲೇ ಅದನ್ನು ರಾತ್ರಿಯಿಡೀ ನೆನೆಸಿ ಒಣಗಿಸಿದರೆ ಹೊಲಿದ ಮೇಲೆ ಕುಗ್ಗುವ ಭಯವಿರುವುದಿಲ್ಲ.

ಭುಜದ ಮೇಲೆ ಲಾಡಿ ಕಟ್ಟುವ ತೋಳಿಲ್ಲದ ಫ್ರಾಕ್ ಹೊಲಿಯಲು ಸುಲಭವೇನೋ ಹೌದು, ಆದರೆ ಮಲೆನಾಡಿನ ಚಳಿಗೆ ಅದು ಸಾಲದು. ತೋಳಿನ ಹೊಲಿಗೆಯು ಕಂಕುಳಿನಿಂದ ಕತ್ತಿನವರೆಗೆ ಓರೆಯಾಗಿ ಹೋಗುವ ಮಾದರಿಯನ್ನು ಆರಿಸಿ, ಕತ್ತಿನ ಸುತ್ತ ಎಲಾಸ್ಟಿಕ್ ಹಾಕಿದರೆ, ಭುಜದ ಅಳತೆಯ ಗೊಡವೆಯೇ ಇಲ್ಲದೆ ಐದು ವರ್ಷದವಳಿಗೂ ಏಳು ವರ್ಷದವಳಿಗೂ ಒಂದೇ ಫ್ರಾಕ್ ಹೊಂದುತ್ತದೆ. ಎಲಾಸ್ಟಿಕ್ ತೂರಿಸಿದ ಬಾಯಿಯನ್ನು ಕೈಹೊಲಿಗೆಯಲ್ಲೇ ಮುಚ್ಚಿ. ಸಡಿಲವಾದಾಗ ತಾಯಿ ಬಿಚ್ಚಿ ಬದಲಿಸಬಹುದು. ಉದ್ದ 24 ಇಂಚು ಬರುವಂತೆ ಕತ್ತರಿಸುವುದಾದರೆ ಕೆಳ ಅಂಚಿಗೆ ಇನ್ನೂ 3 ಇಂಚು ಸೇರಿಸಿ ಒಳಗೆ ಮಡಚಿ, ಮಗು ಬೆಳೆದಂತೆ ಬಿಡಿಸಲು ಬರುವ ಹಾಗೆ ದೊಡ್ಡ ಹೊಲಿಗೆ ಹಾಕಿ.

ಉಳಿದ ತುಂಡಿನಲ್ಲಿ ಒಂದು ಜೇಬನ್ನು ಮರೆಯದೆ ಇಡಿ. ಹಳೆಯ ಸೀರೆ ಬಳಸುವುದಾದರೆ ಮೊದಲು ಬೆಳಕಿಗೆ ಹಿಡಿದು ನೋಡಿ; ಬೆರಳು ಕಾಣುವಷ್ಟು ಸವೆದಿದ್ದರೆ ಅದು ಒರೆಸುವ ಬಟ್ಟೆಯೇ ಹೊರತು ಕೊಡುವ ಬಟ್ಟೆಯಲ್ಲ.